ಕಬ್ಬಿಣದ ನೇಗಿಲು: ಲಕ್ಷ್ಮಣರಾವ್ ಕಿರ್ಲೋಸ್ಕರರ ಬದುಕು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ವೃತ್ತಾಂತವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದಾಗ, ನಾನು ಯಾವುದಾದರೂ ಕವಿಯನ್ನೋ ದಾಸರನ್ನೋ ಆರಿಸಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ಗಡಿನಾಡಿನ ಕನ್ನಡ ಮೇಷ್ಟರು ಕುಮಾರವ್ಯಾಸನನ್ನು ಬಿಟ್ಟು ಆಚೆಗೆ ಹೋಗಲಾರರೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ನಾನು ಆರಿಸಿಕೊಂಡದ್ದು ನೇಗಿಲು ಮಾಡಿ ಮಾರಿದ ಒಬ್ಬ ಉದ್ಯಮಿಯನ್ನು. ಅದಕ್ಕೆ ಕಾರಣವುಂಟು, ಆ ಕಾರಣದಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿದೆ. ಅದನ್ನು ಮುಂದೆ ಹೇಳುತ್ತೇನೆ.

ಕಲ್ಯಾಣದುರ್ಗದ ಕಡೆ ನಮ್ಮ ಹಿರಿಯರ ಹೊಲದಲ್ಲಿ ಒಂದು ಬಾವಿಯಿತ್ತು. ನನ್ನ ಬಾಲ್ಯದಲ್ಲಿ ಅಲ್ಲಿ ಕಪಿಲೆ ಹೊಡೆಯುತ್ತಿದ್ದರು. ಎತ್ತುಗಳು ಹಿಂದಕ್ಕೂ ಮುಂದಕ್ಕೂ ನಡೆಯುವುದು, ಚರ್ಮದ ಚೀಲ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುವುದು, ಗಾಲಿಯ ಕಿರುಗುಟ್ಟುವ ಸದ್ದು, ಇವೆಲ್ಲ ಬೆಳಗಿನ ಜಾವದಿಂದಲೇ ಆರಂಭವಾಗುತ್ತಿದ್ದವು. 1960ರ ಸುಮಾರಿಗೆ ನೆರೆಹೊಲದವರು ಒಂದು ಎಣ್ಣೆ ಇಂಜಿನ್ನನ್ನು ತಂದು ಬಾವಿಯ ಬಳಿ ಕೂಡಿಸಿದರು. ಅದರ ಡುಗುಡುಗು ಸದ್ದು ಒಂದು ಮೈಲಿ ದೂರಕ್ಕೆ ಕೇಳುತ್ತಿತ್ತು. ನಾವು ಹುಡುಗರು ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡಿಹೋಗಿ, ಅದರ ಮೈಮೇಲೆ ಉಬ್ಬಿ ನಿಂತಿದ್ದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಕಿರ್ಲೋಸ್ಕರ್ ಎಂದು ಓದುತ್ತಿದ್ದೆವು. ಅದು ಯಾರೋ ಬಿಳಿಯ ದೊರೆಯ ಹೆಸರೆಂದು ನನಗೆ ಬಹುಕಾಲ ನಂಬಿಕೆಯಿತ್ತು. 1969ರಲ್ಲಿ ಅಂಚೆ ಇಲಾಖೆಯವರು ಲಕ್ಷ್ಮಣರಾವ್ ಕಿರ್ಲೋಸ್ಕರರ ಜನ್ಮ ಶತಾಬ್ದಿಯ ಅಂಚೆಚೀಟಿಯನ್ನು ಹೊರಡಿಸಿದಾಗಲೇ, ಆತ ದೊರೆಯಲ್ಲ, ನಮ್ಮ ಕನ್ನಡನಾಡಿನ ನೆಲದಲ್ಲಿಯೇ ಹುಟ್ಟಿದವರು ಎಂದು ನನಗೆ ತಿಳಿದದ್ದು. ಅಂದಿನಿಂದ ಅವರ ವಿಷಯ ಎಲ್ಲಿ ಸಿಕ್ಕರೂ ಓದಿ ಗುರುತು ಮಾಡಿಟ್ಟುಕೊಳ್ಳುವುದು ನನಗೊಂದು ಅಭ್ಯಾಸವಾಯಿತು.

ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಆಸಕ್ತಿಯುಳ್ಳವರು. ಮನೆಮಾತು ಮರಾಠಿ, ಊರಿನ ಮಾತು ಕನ್ನಡ. ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ್ ಕಿರ್ಲೋಸ್ಕರರೂ ಇದೇ ಊರಿನವರೇ. ಒಂದು ಸಣ್ಣ ಊರು ಒಬ್ಬ ನಾಟಕಕಾರನನ್ನೂ ಒಬ್ಬ ಯಂತ್ರಶಿಲ್ಪಿಯನ್ನೂ ಕೊಟ್ಟಿತೆಂಬುದು ಸೋಜಿಗದ ಸಂಗತಿ. ಮನೆಯೊಳಗೊಂದು ಭಾಷೆ, ಬೀದಿಯಲ್ಲೊಂದು ಭಾಷೆ, ಕಚೇರಿಯಲ್ಲಿ ಮತ್ತೊಂದು ಭಾಷೆ ಎಂಬ ಸ್ಥಿತಿ ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗ, ರಾಯದುರ್ಗಗಳ ಕನ್ನಡ ಮನೆತನಗಳಿಗೆ ಹೊಸದೇನಲ್ಲ. ಮದರಾಸು ಪ್ರಾಂತದಲ್ಲಿದ್ದಾಗಲೂ, 1953ರಲ್ಲಿ ಆಂಧ್ರ ರಾಜ್ಯವಾದಾಗಲೂ, 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲೇ ಉಳಿದ ಮೇಲೂ, ನಮ್ಮ ಮಕ್ಕಳು ಎರಡು ಮೂರು ಭಾಷೆಗಳ ನಡುವೆಯೇ ಬೆಳೆಯುತ್ತ ಬಂದಿದ್ದಾರೆ. ಇದನ್ನು ಕೊರತೆಯೆಂದು ಹೇಳುವವರನ್ನು ನಾನು ಅನೇಕರನ್ನು ಕಂಡಿದ್ದೇನೆ. ಗುರ್ಲಹೊಸೂರಿನ ಬಾಲಕನಿಗೆ ಅದು ಕೊರತೆಯಾದಂತೆ ತೋರುವುದಿಲ್ಲ.

ಶಾಲೆಯ ಪಾಠಗಳಲ್ಲಿ ಈ ಬಾಲಕನಿಗೆ ಅಂತಹ ಒಲವಿರಲಿಲ್ಲ. ಅವನ ಮನಸ್ಸು ನೆಟ್ಟದ್ದು ಎರಡರಲ್ಲಿ: ಚಿತ್ರ ಬರೆಯುವುದು ಮತ್ತು ಯಂತ್ರಗಳನ್ನು ಬಿಚ್ಚಿ ಜೋಡಿಸುವುದು. ವೈದಿಕ ಮನೆತನದ ಹುಡುಗನಿಗೆ ಇವೆರಡೂ ಹೊಟ್ಟೆ ತುಂಬಿಸುವ ವಿದ್ಯೆಗಳೆಂದು ಆ ಕಾಲದಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಆದರೂ ಹಿರಿಯಣ್ಣ ರಾಮಚಂದ್ರರಾಯರ, ಅಂದರೆ ಎಲ್ಲರೂ ರಾಮುಅಣ್ಣ ಎಂದು ಕರೆಯುತ್ತಿದ್ದವರ, ಬೆಂಬಲದಿಂದ 1885ರಲ್ಲಿ ಅವರು ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷ ಚಿತ್ರಕಲೆಯನ್ನು ಅಭ್ಯಾಸ ಮಾಡಿದ ಮೇಲೆ ಒಂದು ಆಘಾತ ಕಾದಿತ್ತು. ಅವರಿಗೆ ಭಾಗಶಃ ವರ್ಣಾಂಧತೆಯಿದೆಯೆಂಬುದು ಗೊತ್ತಾಯಿತು. ಕೆಲವು ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಹಾಡುಗಾರನಿಗೆ ಶ್ರುತಿ ಕೇಳಿಸದಿದ್ದರೆ ಹೇಗೋ, ಚಿತ್ರಕಾರನಿಗೆ ಬಣ್ಣ ಕಾಣದಿದ್ದರೆ ಹಾಗೆ.

ಹದಿನೆಂಟು ವರ್ಷದ ಯುವಕ. ಮನೆಯವರ ಇಷ್ಟಕ್ಕೆ ವಿರೋಧವಾಗಿ ಹಿಡಿದ ದಾರಿ. ಆ ದಾರಿ ಅಲ್ಲಿಗೆ ಮುಗಿದುಹೋಯಿತು. ಊರಿಗೆ ಹಿಂದಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹಿಂದಿರುಗಲಿಲ್ಲ. ಬಣ್ಣ ಕಾಣದ ಕಣ್ಣಿಗೆ ಗೆರೆ ಚೆನ್ನಾಗಿಯೇ ಕಾಣುತ್ತಿತ್ತು. ಕುಂಚವನ್ನು ಬಿಟ್ಟು ಯಂತ್ರಗಳ ನಕ್ಷೆ ತೆಗೆಯುವ ವಿದ್ಯೆಯನ್ನು ಕಲಿತರು. ಅದರಲ್ಲಿ ಎಷ್ಟು ಪಳಗಿದರೆಂದರೆ, ಆಗತಾನೇ ಪ್ರಾರಂಭವಾಗಿದ್ದ ಮುಂಬಯಿಯ ವಿಕ್ಟೋರಿಯಾ ಜೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಉಪಾಧ್ಯಾಯರ ಕೆಲಸ ದೊರಕಿತು. ಬಿಡುವಿನ ವೇಳೆಯಲ್ಲಿ ಅಲ್ಲಿನ ಕಾರ್ಯಾಗಾರಕ್ಕೆ ಹೋಗಿ ಯಂತ್ರಗಳ ಮೇಲೆ ಕೈ ಪಳಗಿಸಿಕೊಂಡರು. ಸಂಬಳ ಪಡೆಯುತ್ತಲೇ ವಿದ್ಯಾರ್ಥಿಯಾಗಿ ಉಳಿದ ಉಪಾಧ್ಯಾಯರು ಅವರು. ನಮ್ಮ ವೃತ್ತಿಯವರು ಇದನ್ನು ಗಮನಿಸಬೇಕು.

ಒಂದು ದಿನ ಮುಂಬಯಿಯ ಬೀದಿಯಲ್ಲಿ ಒಬ್ಬ ವ್ಯಕ್ತಿ ಎರಡು ಚಕ್ರದ ಗಾಡಿಯ ಮೇಲೆ ಕುಳಿತು ಹೋಗುವುದನ್ನು ಅವರು ಕಂಡರು. ಅದುವರೆಗೆ ಅವರು ಬೈಸಿಕಲ್ಲನ್ನು ನೋಡಿರಲಿಲ್ಲ. ನೋಡಿದವರು ಸಾವಿರಾರು ಮಂದಿ ಇದ್ದಿರಬೇಕು. ಆದರೆ ನೋಡಿದೊಡನೆ ಇದನ್ನು ನಮ್ಮೂರಿನ ಕಡೆ ಮಾರಬಹುದಲ್ಲವೇ ಎಂದು ಯೋಚಿಸಿದವರು ವಿರಳ. ಮುಂಬಯಿಯಲ್ಲಿ ಕೊಂಡು ಬೆಳಗಾವಿಗೆ ಕಳುಹಿಸುವುದು ಲಕ್ಷ್ಮಣರಾಯರ ಪಾಲಿನ ಕೆಲಸ. ಅಲ್ಲಿ ಮಾರುವುದು ಮತ್ತು ಕೊಂಡವರಿಗೆ ಸವಾರಿ ಕಲಿಸುವುದು ರಾಮುಅಣ್ಣನವರ ಕೆಲಸ. ಹೀಗೆ 1888ರಲ್ಲಿ ಕಿರ್ಲೋಸ್ಕರ್ ಸಹೋದರರ ಅಂಗಡಿ ಹುಟ್ಟಿತು. ಒಂದು ಬೈಸಿಕಲ್ಲಿಗೆ 700ರಿಂದ 1000 ರೂಪಾಯಿ ಬೆಲೆ, ಸವಾರಿ ಕಲಿಸುವುದಕ್ಕೆ 15 ರೂಪಾಯಿ ಪ್ರತ್ಯೇಕ. ಆ ಕಾಲದ ರೂಪಾಯಿಯ ಬೆಲೆಯನ್ನು ನೆನೆದರೆ, ಕೊಳ್ಳುವವರು ಜಮೀನ್ದಾರರು ಮತ್ತು ದೊಡ್ಡ ಅಧಿಕಾರಿಗಳು ಮಾತ್ರವೆಂದು ಹೇಳಬೇಕಾಗಿಲ್ಲ. ಆದರೂ ಅಂಗಡಿ ನಿಂತಿತು. ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ಮುಂಬಯಿಯ ನೌಕರಿಯಲ್ಲಿಯೇ ಅವರು ನೆಲೆಸಿಬಿಡುತ್ತಿದ್ದರೋ ಏನೋ. ಬಡ್ತಿ ಸಿಗಬೇಕಾದ ಸಮಯ ಬಂದಾಗ, ಅದು ಅವರಿಗೆ ಸಿಗದೆ ಒಬ್ಬ ಆಂಗ್ಲೋ ಇಂಡಿಯನ್ ನೌಕರನಿಗೆ ಹೋಯಿತು. ಲಕ್ಷ್ಮಣರಾಯರು ಅರ್ಜಿ ಬರೆಯುತ್ತ ಕೂಡಲಿಲ್ಲ. ರಾಜೀನಾಮೆ ಕೊಟ್ಟು, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಬೆಳಗಾವಿಗೆ ಬಂದು ಅಣ್ಣನ ಜೊತೆಗೂಡಿದರು. ಸಂಸಾರವಂದಿಗರು ತಿಂಗಳ ಸಂಬಳವನ್ನು ಬಿಟ್ಟು ಬರುವುದು ಎಷ್ಟು ಕಷ್ಟವೆಂಬುದನ್ನು ಸರ್ಕಾರಿ ನೌಕರರಾದ ನಾವು ಬಲ್ಲೆವು. ನಾನಂತೂ ಆ ಧೈರ್ಯವನ್ನು ಎಂದೂ ಮಾಡಿದವನಲ್ಲ.

ಬೈಸಿಕಲ್ ಮಾರಾಟಕ್ಕೆ ಪ್ರತಿಸ್ಪರ್ಧಿಗಳು ಬಂದರು. ಗಾಳಿಯಂತ್ರಗಳ ಏಜೆನ್ಸಿಯನ್ನು ನಡೆಸಿ ನೋಡಿದರು. ಆದರೆ ಪರರು ಮಾಡಿದ್ದನ್ನು ತಂದು ಮಾರುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ತಾವೇ ಏನನ್ನಾದರೂ ತಯಾರಿಸಬೇಕು. ಏನನ್ನು? ಅವರು ನೋಡಿದ್ದು ಸುತ್ತಲಿನ ರೈತನ ಕಡೆಗೆ. ಜೋಳದ ಸೊಪ್ಪೆಯನ್ನು ಹಾಗೆಯೇ ದನಗಳ ಮುಂದೆ ಹಾಕಿದರೆ ಅವು ಮೇಲಿನ ಎಲೆಯನ್ನು ತಿಂದು ದಂಟನ್ನು ತುಳಿದು ಹಾಳುಮಾಡುತ್ತವೆ. ಕತ್ತರಿಸಿ ಹಾಕಿದರೆ ಅರ್ಧದಷ್ಟೂ ವ್ಯರ್ಥವಾಗದು. ಮೊದಲು ಅವರು ತಯಾರಿಸಿದ್ದು ಮೇವು ಕತ್ತರಿಸುವ ಯಂತ್ರ. ಆಮೇಲೆ, 1903ರಲ್ಲಿ, ಕಬ್ಬಿಣದ ನೇಗಿಲು.

ಈ ನೇಗಿಲಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಈಗಿನ ಮಕ್ಕಳು ಟ್ರ್ಯಾಕ್ಟರನ್ನು ಮಾತ್ರ ಕಂಡಿದ್ದಾರೆ. ನಮ್ಮ ಕಡೆಯ ತೆಲುಗರು ಮಡಕ ಎನ್ನುವ ಮರದ ನೇಗಿಲು ಜಾಲಿಯ ಮರದಿಂದ ಬಡಗಿ ಕೆತ್ತಿಕೊಡುತ್ತಿದ್ದದ್ದು. ಅದರ ತುದಿಗೆ ಮಾತ್ರ ಒಂದು ಕಬ್ಬಿಣದ ಗುಳ. ಅದು ನೆಲವನ್ನು ಗೀರುತ್ತದೆಯೇ ಹೊರತು ಮಗುಚುವುದಿಲ್ಲ. ಒಂದು ಸಾಲಿಗೂ ಮತ್ತೊಂದು ಸಾಲಿಗೂ ನಡುವೆ ಉಳದ ನೆಲ ಉಳಿದುಬಿಡುವುದರಿಂದ, ಅಡ್ಡಲಾಗಿಯೂ ಉದ್ದಲಾಗಿಯೂ ಮೂರು ನಾಲ್ಕು ಸಲ ಹೂಡಬೇಕು. ಗರಿಕೆ ಬೇರುಬಿಟ್ಟ ಎರೆಹೊಲದಲ್ಲಿ ಈ ನೇಗಿಲು ಸೋಲುತ್ತದೆ. ಕಬ್ಬಿಣದ ನೇಗಿಲಿಗಾದರೋ ಗುಳದ ಹಿಂದೆ ಬಾಗಿದ ಒಂದು ರೆಕ್ಕೆಯಿರುತ್ತದೆ. ಗುಳ ಕತ್ತರಿಸಿದ ಮಣ್ಣನ್ನು ಆ ರೆಕ್ಕೆ ಎತ್ತಿ ಪಕ್ಕಕ್ಕೆ ಮಗುಚಿ ಹಾಕುತ್ತದೆ. ಕಳೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ. ಮೊದಲ ಮಳೆಯ ನೀರು ಹರಿದುಹೋಗದೆ ಒಳಗಿಳಿಯುತ್ತದೆ. ದೇಶದ ಅತ್ಯಂತ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದಾದ ಅನಂತಪುರದವರಿಗೆ ಒಳಗಿಳಿದ ಒಂದು ಹದ ನೀರಿನ ಬೆಲೆಯೇನೆಂದು ನಾನು ಹೇಳಬೇಕೆ?

ಇಷ್ಟೆಲ್ಲ ಗುಣವಿದ್ದ ನೇಗಿಲನ್ನು ಯಾರೂ ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ, ಹೊಲ ಬಂಜರಾಗುತ್ತದೆ ಎಂಬುದು ರೈತರ ನಂಬಿಕೆಯಾಗಿತ್ತು. ಆರಂಭದ ಎರಡು ವರ್ಷಗಳ ಕಾಲ ಮಾರಾಟವೇ ಇಲ್ಲವೆನ್ನುವಂತಹ ಸ್ಥಿತಿ. ಮಾಡಿದ ನೇಗಿಲುಗಳು ಕಾರ್ಖಾನೆಯ ಮೂಲೆಯಲ್ಲಿ ರಾಶಿಬಿದ್ದಿದ್ದವು.

ನಾನು ತರಗತಿಯಲ್ಲಿ ಈ ಕಥೆಯನ್ನು ಹೇಳುತ್ತಿದ್ದಾಗ, ಈ ಭಾಗ ಬಂದೊಡನೆ ಮಕ್ಕಳು ರೈತರ ಮೌಢ್ಯವನ್ನು ಕಂಡು ನಗುತ್ತಿದ್ದರು; ನಾನೂ ಅವರೊಡನೆ ನಗುತ್ತಿದ್ದೆ. ಈಗ ಯೋಚಿಸಿದರೆ ಆ ನಗು ಸರಿಯಲ್ಲವೆನಿಸುತ್ತದೆ. ರೈತನಿಗೆ ಇರುವುದು ಒಂದೇ ಹೊಲ, ವರ್ಷಕ್ಕೆ ಒಂದೇ ಮುಂಗಾರು. ಯಾರೋ ಪೇಟೆಯವನು ತಂದ ಹೊಸ ವಸ್ತುವನ್ನು ಅದರ ಮೇಲೆ ಪ್ರಯೋಗಿಸಿ ಒಂದು ಬೆಳೆ ಕೈಕೊಟ್ಟರೆ ಅವನ ಮಕ್ಕಳಿಗೆ ಅನ್ನವಿಲ್ಲ. ಮರದ ನೇಗಿಲು ಮುರಿದರೆ ಊರಿನ ಬಡಗಿ ಆಯದ ಕಾಳಿಗೆ ಸರಿಮಾಡಿಕೊಡುತ್ತಾನೆ. ಕಬ್ಬಿಣದ್ದು ಮುರಿದರೆ ಯಾರಲ್ಲಿಗೆ ಹೋಗಬೇಕು? ರೈತನ ಅನುಮಾನದಲ್ಲಿ ಒಂದು ಲೆಕ್ಕಾಚಾರವೂ ಇತ್ತು. ಲಕ್ಷ್ಮಣರಾಯರ ದೊಡ್ಡತನವಿದ್ದದ್ದು ಆ ರೈತರನ್ನು ಹಳಿಯದೆ ಇದ್ದುದರಲ್ಲಿ. ಅವರು ಎರಡು ವರ್ಷ ಕಾದರು, ಒಪ್ಪಿಸಲು ಶ್ರಮಪಟ್ಟರು, ನೇಗಿಲನ್ನು ತಿದ್ದುತ್ತ ಹೋದರು. ಒಬ್ಬ ರೈತನ ಹೊಲದಲ್ಲಿ ಬೆಳೆ ಎದ್ದು ನಿಂತುದನ್ನು ಕಂಡ ಮೇಲೆ ನೆರೆಯವನಿಗೆ ಬೇರೆ ಜಾಹೀರಾತು ಬೇಕಾಗಲಿಲ್ಲ. ಮುಂದೆ ಆ ನೇಗಿಲೇ ಅವರ ಉದ್ಯಮದ ಆಧಾರಸ್ತಂಭವಾಯಿತು.

ನೇಗಿಲಿಗೆ ದಾರಿ ತೆರೆಯಿತೆನ್ನುವಷ್ಟರಲ್ಲಿ ಕಾಲ ಕೆಳಗಿನ ನೆಲವೇ ಸರಿಯಿತು. ಬೆಳಗಾವಿಯ ಪುರಸಭೆಯವರು ಪಟ್ಟಣದ ಹೊಸ ಬಡಾವಣೆಗೆ ಜಾಗ ಬೇಕೆಂದು, ಕಾರ್ಖಾನೆಯನ್ನು ತೆರವುಮಾಡಬೇಕೆಂದು ತಿಳಿಸಿದರು. ಯಂತ್ರಗಳನ್ನು ಎಲ್ಲಿ ಇಡುವುದು, ಆಳುಗಳಿಗೆ ಎಲ್ಲಿಂದ ಕೂಲಿ ಕೊಡುವುದು ಎಂಬ ಚಿಂತೆ ಒದಗಿತು. ಆಗ ಅವರಿಗೆ ನೆರವಾದವರು ಔಂಧ್ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ನಮ್ಮ ಶಾಲೆಯಲ್ಲಿ ಮಕ್ಕಳು ಮಾಡುವ ಸೂರ್ಯನಮಸ್ಕಾರವನ್ನು ಒಂದು ವ್ಯಾಯಾಮ ಪದ್ಧತಿಯಾಗಿ ದೇಶದಲ್ಲಿ ಪ್ರಚಾರ ಮಾಡಿದ ಅರಸರು ಇವರೇ; ಸ್ವತಃ ಚಿತ್ರಕಾರರು. ಮೊದಲು ಅವರು ಔಂಧದಲ್ಲಿ ಒಂದು ಸಭಾಮಂಟಪವನ್ನು ಕಟ್ಟುವ ಕೆಲಸವನ್ನು ಲಕ್ಷ್ಮಣರಾಯರಿಗೆ ವಹಿಸಿದರು. ಆ ಸಮಯದಲ್ಲಿಯೇ ಕಾರ್ಖಾನೆಯ ಕಷ್ಟ ಅವರ ಕಿವಿಗೆ ಬಿತ್ತು. ಕುಂಡಲ್ ರೋಡ್ ಎಂಬ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನೂ 10,000 ರೂಪಾಯಿಗಳ ಬಡ್ಡಿಯಿಲ್ಲದ ಸಾಲವನ್ನೂ ಅರಸರು ಕೊಟ್ಟರು.

ಕೊಟ್ಟ ಭೂಮಿಯಾದರೂ ಎಂತಹದು? ಪಾಪಾಸುಕಳ್ಳಿ ಬೆಳೆದು, ಹಾವು ಹೆಗ್ಗಣಗಳು ತುಂಬಿದ ಬರಡು ನೆಲ. 1910ರ ಮಾರ್ಚ್ ತಿಂಗಳಲ್ಲಿ ಇಪ್ಪತ್ತೈದು ಮಂದಿ ಕೆಲಸಗಾರರು ತಮ್ಮ ಸಂಸಾರಗಳೊಡನೆ ಅಲ್ಲಿ ಬಂದಿಳಿದರು. ಕಳ್ಳಿ ಕಡಿದರು, ಗುಡಿಸಲು ಹಾಕಿದರು, ಕಾರ್ಖಾನೆಗೆ ಬುನಾದಿ ತೋಡಿದರು. ಆ ಸ್ಥಳವೇ ಕಿರ್ಲೋಸ್ಕರವಾಡಿ. ಇಂದು ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ರೈಲು ನಿಲ್ದಾಣಕ್ಕೂ ಅದೇ ಹೆಸರು ಬಂದಿತು. ಇಂಗ್ಲೆಂಡಿನಲ್ಲಿ ಕ್ಯಾಡ್ಬರಿಯವರು ಬೌರ್ನ್‌ವಿಲ್ ಎಂಬ ಊರನ್ನೂ, ಲೀವರ್ ಸಹೋದರರು ಪೋರ್ಟ್ ಸನ್‌ಲೈಟ್ ಎಂಬ ಊರನ್ನೂ ತಮ್ಮ ಕೆಲಸಗಾರರಿಗಾಗಿ ಕಟ್ಟಿದ್ದರು. ಅವರಿಗೆ ಕೈತುಂಬ ಹಣವಿತ್ತು. ಕಳ್ಳಿಯ ಬಯಲಿನಲ್ಲಿ ಸಾಲದ ಹಣದಿಂದ ಅಂತಹ ಊರನ್ನು ಕಟ್ಟುವುದು ಬೇರೆಯೇ ಸಾಹಸ. ಊರಿನ ವ್ಯವಸ್ಥೆಯ ಹೊಣೆಯನ್ನೆಲ್ಲ ರಾಮುಅಣ್ಣನವರು ಹೊತ್ತರು. ಅಲ್ಲಿ ಅಸ್ಪೃಶ್ಯತೆಗೆ ಅವಕಾಶವಿರಕೂಡದೆಂದು ಲಕ್ಷ್ಮಣರಾಯರು ಕಟ್ಟುನಿಟ್ಟು ಮಾಡಿದರು. ಒಂದು ಶತಮಾನಕ್ಕೂ ಹಿಂದೆ, ವೈದಿಕ ಮನೆತನದಿಂದ ಬಂದವರೊಬ್ಬರು ಹಾಗೆ ಮಾಡಿದರೆಂಬುದನ್ನು ಓದುಗರು ಗಮನಿಸಬೇಕು.

ಅವರು ಜೊತೆಗೆ ಸೇರಿಸಿಕೊಂಡ ಜನರಾದರೂ ಎಂಥವರು? ನಾನು ಈ ಲೇಖನವನ್ನು ಬರೆಯಲು ಕುಳಿತದ್ದೇ ಈ ಒಂದು ಸಂಗತಿಗಾಗಿ. ಶಂಭೋರಾವ್ ಜಾಂಭೇಕರರು ಯಂತ್ರಗಳ ಉಸ್ತುವಾರಿಯನ್ನೂ ಮಂಗೇಶರಾವ್ ರೇಗೆಯವರು ಲೆಕ್ಕಪತ್ರವನ್ನೂ ನೋಡಿಕೊಂಡರು. ಕೆ.ಕೆ. ಕುಲಕರ್ಣಿಯವರು ಪರೀಕ್ಷೆಗಳಲ್ಲಿ ಯಶಸ್ಸು ಕಾಣದ ವಿದ್ಯಾರ್ಥಿ. ಕಿರ್ಲೋಸ್ಕರವಾಡಿಯಲ್ಲಿ ಅವರು ಎಲ್ಲ ಕೆಲಸಕ್ಕೂ ಒದಗುವ ವ್ಯವಸ್ಥಾಪಕರಾದರು. ಅನಂತರಾವ್ ಫಳನೀಕರರು ಶಾಲೆಯನ್ನು ನಡುವೆಯೇ ಬಿಟ್ಟವರು. ಅವರು ಹೊಸ ಹೊಸ ಯಂತ್ರಗಳನ್ನು ಕಲ್ಪಿಸಬಲ್ಲ ಇಂಜಿನಿಯರಾಗಿ ಬೆಳೆದರು. ಇನ್ನೂ ಮುಂದಕ್ಕೆ ಹೋಗಿ ಹೇಳಬೇಕೆಂದರೆ, ತುಕಾರಾಮ ರಾಮೋಶಿ ಮತ್ತು ಪಿರ್ಯಾ ಮಾಂಗ್ ಎಂಬಿಬ್ಬರು ಸೆರೆಮನೆ ಕಂಡು ಬಂದವರು. ಊರ ಜನ ಅವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಿರಬೇಕು. ಲಕ್ಷ್ಮಣರಾಯರು ಅವರಿಗೆ ಕಾರ್ಖಾನೆಯ ಕಾವಲನ್ನೇ ಒಪ್ಪಿಸಿದರು. ಅವರು ಆ ನಂಬಿಕೆಯನ್ನು ಉಳಿಸಿಕೊಂಡರು.

ಇಲ್ಲಿ ನನ್ನ ತಪ್ಪೊಪ್ಪಿಗೆಯ ಮಾತು. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಬ್ಬ ಹುಡುಗನಿದ್ದ. ಕನ್ನಡ ಚೆನ್ನಾಗಿ ಓದುತ್ತಿದ್ದ, ಗಣಿತದಲ್ಲಿ ಹಿಂದೆ. ಯಾವಾಗಲೂ ಅವನ ಕೈಯಲ್ಲಿ ಒಂದು ತುಕ್ಕುಹಿಡಿದ ಬೋಲ್ಟು, ಇಲ್ಲವೇ ಸೈಕಲ್ಲಿನ ಚೈನಿನ ತುಂಡು. ಒಮ್ಮೆ ಶಾಲೆಯ ಗೋಡೆ ಗಡಿಯಾರವನ್ನು ಬಿಚ್ಚಿಟ್ಟುಕೊಂಡು ಕುಳಿತದ್ದನ್ನು ಕಂಡು ನಾನು ಬೆತ್ತದಿಂದ ಹೊಡೆದೆ. ಅಂದು ಸಂಜೆ ಆ ಗಡಿಯಾರ ಮತ್ತೆ ನಡೆಯುತ್ತಿತ್ತು. ಅದನ್ನು ಗಮನಿಸಿದರೂ ನಾನು ಒಂದು ಮಾತನ್ನೂ ಆಡಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅವನು ಗಣಿತದಲ್ಲಿ ನಪಾಸಾದ. ಅವನ ತಂದೆ ನನ್ನ ಹತ್ತಿರ ಬಂದು, ಮೇಷ್ಟ್ರೇ, ಮುಂದೇನು ಮಾಡಿಸೋಣ ಎಂದು ಕೇಳಿದಾಗ, ಇವನಿಂದ ಏನೂ ಆಗದು, ಕುರಿ ಕಾಯಲು ಕಳುಹಿಸಿ ಎಂಬರ್ಥದ ಮಾತನ್ನು ಆಡಿದೆ. ನಾನೇ ಹತ್ತನೆಯ ತರಗತಿಯವರೆಗೆ ಮಾತ್ರ ಕನ್ನಡ ಮಾಧ್ಯಮದಲ್ಲಿ ಓದಿ, ಉಪಾಧ್ಯಾಯರ ತರಬೇತಿ ಪಡೆದವನು. ನನ್ನ ಪಾಲಿಗೆ ಪರೀಕ್ಷೆಯೊಂದೇ ಅಳತೆಗೋಲಾಗಿತ್ತು. ಗೋಡೆಯ ಮೇಲೆ ನಡೆಯುತ್ತಿದ್ದ ಗಡಿಯಾರ ನನ್ನ ಕಣ್ಣಿಗೆ ಕಂಡರೂ ಮನಸ್ಸಿಗೆ ಕಾಣಲಿಲ್ಲ. ಫಳನೀಕರರ ವಿಷಯವನ್ನು ಓದಿದಾಗಲೆಲ್ಲ ಆ ಹುಡುಗ ಬೆತ್ತಕ್ಕೆ ಕೈ ಒಡ್ಡಿ ನಿಂತದ್ದು ನೆನಪಾಗುತ್ತದೆ.

ಮತ್ತೆ ಕಿರ್ಲೋಸ್ಕರವಾಡಿಗೆ ಬರೋಣ. ಊರು ನೆಲೆಗೊಂಡು ನಾಲ್ಕು ವರ್ಷವಾಗುವಷ್ಟರಲ್ಲಿ, 1914ರಲ್ಲಿ, ಮೊದಲ ಮಹಾಯುದ್ಧ ಪ್ರಾರಂಭವಾಯಿತು. ವಿದೇಶದಿಂದ ಬರುತ್ತಿದ್ದ ನೇಗಿಲುಗಳು ನಿಂತುಹೋದವು. ಇವರ ನೇಗಿಲಿಗೆ ಬೇಡಿಕೆ ಏರಿತು. ಆದರೆ ಅದೇ ಯುದ್ಧದಿಂದಾಗಿ ಕಬ್ಬಿಣವೂ ಸಿಗದಾಯಿತು. ಕೊಳ್ಳುವವರು ಬಾಗಿಲಲ್ಲಿ, ಕಚ್ಚಾ ಸಾಮಗ್ರಿ ಮಾತ್ರ ಇಲ್ಲ. ಆ ಸಂದರ್ಭದಲ್ಲಿ ಕೊಲ್ಲಾಪುರದ ಶಾಹು ಮಹಾರಾಜರು ತಮ್ಮಲ್ಲಿ ನಿರುಪಯೋಗಿಯಾಗಿ ಬಿದ್ದಿದ್ದ ಹಳೆಯ ಫಿರಂಗಿಗಳನ್ನು ಕರಗಿಸಿಕೊಳ್ಳಲು ಕೊಟ್ಟರು. ಯುರೋಪಿನಲ್ಲಿ ಹೊಸ ಫಿರಂಗಿಗಳನ್ನು ಎರಕ ಹೊಯ್ಯುತ್ತಿದ್ದ ವರ್ಷಗಳಲ್ಲಿ ಇಲ್ಲಿ ಹಳೆಯ ಫಿರಂಗಿಗಳು ಕರಗಿ ನೇಗಿಲಿನ ಗುಳಗಳಾದವು. ಪುರಾಣ ಪ್ರವಚನ ಮಾಡುವವರು ಇದನ್ನು ಕಲ್ಪಿಸಿ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ.

1920ರಲ್ಲಿ ಉದ್ಯಮವು ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಎಂಬ ಕಂಪನಿಯಾಗಿ ನೋಂದಣಿಯಾಯಿತು. ಅದೇ ವರ್ಷ ಶಂಕರರಾವ್ ಕಿರ್ಲೋಸ್ಕರರು ಅಲ್ಲಿಂದಲೇ ಕಿರ್ಲೋಸ್ಕರ್ ಎಂಬ ಮರಾಠಿ ಮಾಸಪತ್ರಿಕೆಯನ್ನು ಆರಂಭಿಸಿದರು. 1930ರಲ್ಲಿ ಸ್ತ್ರೀ ಎಂಬ ಮಹಿಳೆಯರ ಪತ್ರಿಕೆಯೂ ಬಂದಿತು. ನೇಗಿಲಿನ ಕಾರ್ಖಾನೆಯಿಂದ ಪತ್ರಿಕೆಗಳು ಹೊರಟದ್ದು ವಿಶೇಷವಲ್ಲವೇ! ನೇಗಿಲು, ಮೇವಿನ ಯಂತ್ರಗಳ ಜೊತೆಗೆ ಕಬ್ಬಿನ ಗಾಣ, ಕೈಪಂಪು, ಕಬ್ಬಿಣದ ಕುರ್ಚಿ ಮೇಜುಗಳು, ಕಡಲೆಕಾಯಿ ಒಡೆಯುವ ಯಂತ್ರ, ಮುಂದೆ ಬಾವಿಯಿಂದ ನೀರೆತ್ತುವ ಪಂಪು, ಎಣ್ಣೆ ಇಂಜಿನ್ನುಗಳು ತಯಾರಾದವು.

ಕಡಲೆಕಾಯಿಯ ಯಂತ್ರವೆಂದರೆ ನಮ್ಮ ಸೀಮೆಯವರ ಕಿವಿ ನಿಮಿರದೆ ಇರದು. ಕಲ್ಯಾಣದುರ್ಗ, ರಾಯದುರ್ಗದ ಕಡೆಯ ಕೆಂಪು ಮಸಾರೆ ಹೊಲಗಳಲ್ಲಿ ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಗುಳೆ ಎಂಬ ಗಾದೆಯಂತಹ ಸ್ಥಿತಿ ಬಹುಕಾಲದ್ದು. ಬಿತ್ತನೆಗೆ ಮುಂಚೆ ಹೆಂಗಸರು ಮಕ್ಕಳು ಜಗಲಿಯ ಮೇಲೆ ಕುಳಿತು ಕಾಯಿಯನ್ನು ನೆಲಕ್ಕೆ ಕುಟ್ಟಿ ಬೀಜ ಬಿಡಿಸುತ್ತಿದ್ದರು. ದಿನಗಟ್ಟಲೆ ಬಿಡಿಸಿದರೆ ಹೆಬ್ಬೆರಳು ಬಾತುಕೊಳ್ಳುತ್ತಿತ್ತು. ನನ್ನ ತಾಯಿಯ ಬೆರಳನ್ನು ನಾನು ಕಂಡಿದ್ದೇನೆ. ಕೈಯಿಂದ ನಡೆಸುವ ಯಂತ್ರದಲ್ಲಿ ಅರ್ಧಚಂದ್ರಾಕಾರದ ಒಂದು ಜರಡಿಯಿರುತ್ತದೆ. ಅದರ ಮೇಲೆ ಹಿಡಿಕೆಯನ್ನು ಹಿಂದಕ್ಕೂ ಮುಂದಕ್ಕೂ ತೂಗಿದರೆ, ಅದಕ್ಕೆ ಜೋಡಿಸಿದ ಹಲ್ಲುಳ್ಳ ಕಬ್ಬಿಣದ ಪಟ್ಟಿಗಳು ಕಾಯಿಯನ್ನು ಜರಡಿಗೆ ಉಜ್ಜುತ್ತವೆ. ಸಿಪ್ಪೆ ಒಡೆದು ಬೀಜದೊಡನೆ ಕೆಳಗೆ ಬೀಳುತ್ತದೆ. ಗಾಳಿಗೆ ತೂರಿದರೆ ಬೀಜ ಬೇರೆಯಾಗುತ್ತದೆ. ಇಷ್ಟು ಸರಳ. ಆದರೆ ಇಂತಹುದನ್ನು ಯೋಚಿಸಿ ಮಾಡಿದವರಿಗೆ ಮೊದಲು ಆ ಹೆಬ್ಬೆರಳು ಕಂಡಿರಬೇಕು.

ಮಗ ಶಂತನುರಾಯರು ಅಮೆರಿಕದ ಎಂ.ಐ.ಟಿ.ಯಲ್ಲಿ ಓದಿ 1926ರಲ್ಲಿ ಹಿಂದಿರುಗಿದ ಮೇಲೆ ಕ್ರಮೇಣ ಆಡಳಿತದ ಭಾರ ಮುಂದಿನ ತಲೆಮಾರಿಗೆ ಹೋಯಿತು. ಉದ್ಯಮ ಕನ್ನಡನಾಡಿಗೆ ಮರಳಿ ಬಂದದ್ದೂ ಆ ನಂತರವೇ. 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ, ಅಲ್ಲಿ ಲೇತ್ ಮುಂತಾದ ಯಂತ್ರೋಪಕರಣಗಳು ತಯಾರಾದವು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಾರ್ಖಾನೆ, ಅದೇ ವರ್ಷ ಪುಣೆಯಲ್ಲಿ ಎಣ್ಣೆ ಇಂಜಿನ್ನುಗಳ ಕಾರ್ಖಾನೆ. ನಮ್ಮ ನೆರೆಹೊಲದ ಬಾವಿಗೆ ಬಂದ ಇಂಜಿನ್ನಿನ ವಂಶಾವಳಿ ಇದು. ಹರಿಹರದ ಕಾರ್ಖಾನೆ ಅನೇಕ ಸಾವಿರ ಕುಟುಂಬಗಳಿಗೆ ಅನ್ನ ಕೊಟ್ಟು, ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ತಂದೆ ಕಟ್ಟಿದ್ದೆಲ್ಲ ಉಳಿಯಲೇಬೇಕೆಂಬ ನಿಯಮವೇನೂ ಇಲ್ಲ.

ಇಳಿವಯಸ್ಸಿನಲ್ಲಿ ಅವರು ಒಂದು ಕಡು ದುಃಖವನ್ನು ನೋಡಬೇಕಾಯಿತು. 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಹಂತಕನ ಜಾತಿಯ ಕಾರಣದಿಂದ ಆ ಪ್ರಾಂತದಲ್ಲಿ ಬ್ರಾಹ್ಮಣರ ಮನೆಗಳ ಮೇಲೆ ದಾಳಿಗಳು ನಡೆದವು. ಉದ್ರಿಕ್ತ ಜನರ ಗುಂಪು ಕಿರ್ಲೋಸ್ಕರವಾಡಿಗೂ ನುಗ್ಗಿ ಕಾರ್ಖಾನೆಗೆ ಬೆಂಕಿಯಿಟ್ಟಿತು. ಆಗ ಲಕ್ಷ್ಮಣರಾಯರಿಗೆ ಎಪ್ಪತ್ತೆಂಟು ವರ್ಷ. ಜಾತಿಭೇದವನ್ನು ಅಳಿಸಲು ಕಟ್ಟಿದ ಊರು ಜಾತಿಯ ಹೆಸರಿನಲ್ಲಿಯೇ ಉರಿಯಿತು. ನನ್ನ ವಯಸ್ಸೂ ಈಗ ಎಪ್ಪತ್ತನ್ನು ದಾಟಿದೆ. ಈ ವಯಸ್ಸಿನಲ್ಲಿ, ನಲವತ್ತು ವರ್ಷಗಳ ದುಡಿಮೆ ಹೊಗೆಯಾಗುವುದನ್ನು ಕಾಣುವುದೆಂದರೇನೆಂದು ಊಹಿಸಲು ನನ್ನಿಂದ ಆಗುತ್ತಿಲ್ಲ. ಕಾರ್ಖಾನೆ ಮತ್ತೆ ಎದ್ದು ನಿಂತಿತು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತೀರಿಕೊಂಡರು. ಮುಂದಿನ ಐದಾರು ವಾರಗಳಲ್ಲಿ, ನವೆಂಬರ್ 1ರಂದು, ಭಾಷಾವಾರು ರಾಜ್ಯಗಳ ಪುನರ್ವಿಂಗಡಣೆಯಾಗಿ ಅವರು ಹುಟ್ಟಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಾವು ಆಂಧ್ರ ಪ್ರದೇಶದಲ್ಲಿ ಉಳಿದೆವು.

ನನ್ನ ವಿದ್ಯಾರ್ಥಿಯ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಅವನ ತಂದೆ ನನ್ನ ಮಾತನ್ನು ಕೇಳಲಿಲ್ಲ, ದೇವರು ದೊಡ್ಡವನು. ಹುಡುಗ ಹಿಂದೂಪುರದ ಒಂದು ಇಂಜಿನ್ ರಿಪೇರಿ ಅಂಗಡಿಯಲ್ಲಿ ಸ್ಪಾನರ್ ಎತ್ತಿಕೊಡುವ ಕೆಲಸಕ್ಕೆ ಸೇರಿದ. ಹತ್ತು ವರ್ಷಗಳ ಮೇಲೆ ಕಲ್ಯಾಣದುರ್ಗದಲ್ಲಿ ಸ್ವಂತ ಅಂಗಡಿಯಿಟ್ಟ. ಬಾವಿಗಳು ಬತ್ತಿ ಎಣ್ಣೆ ಇಂಜಿನ್ನುಗಳ ಕಾಲ ಮುಗಿದಾಗ ಬೋರ್‌ವೆಲ್ ಮೋಟಾರುಗಳ ಸುರುಳಿ ಸುತ್ತುವುದನ್ನು ಕಲಿತ. ಮಳೆಯಿಲ್ಲದ ವರ್ಷಗಳಲ್ಲಿ ರೈತರು ಬಾಕಿ ಉಳಿಸಿಕೊಂಡು ಅಂಗಡಿ ಮುಚ್ಚುವ ಸ್ಥಿತಿ ಎರಡು ಸಲ ಬಂದಿತಂತೆ. ಈಗ ಅವನಲ್ಲಿ ಏಳೆಂಟು ಹುಡುಗರು ಕೆಲಸ ಮಾಡುತ್ತಾರೆ. ಅವರಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯಲ್ಲಿ ನಪಾಸಾದವರೆಂದು ಅವನು ನಗುತ್ತ ಹೇಳುತ್ತಾನೆ. ಪೆನುಕೊಂಡದ ಬಳಿ 2019ರಲ್ಲಿ ಕಿಯಾ ಕಾರಿನ ಕಾರ್ಖಾನೆ ಆರಂಭವಾದ ಮೇಲೆ ಅವನಲ್ಲಿ ಕಲಿತ ಒಬ್ಬಿಬ್ಬರು ಆ ಕಡೆ ಹೋದದ್ದೂ ಉಂಟು. ಅದರ ಬಗ್ಗೆ ಅವನಿಗೆ ಅಸಮಾಧಾನವಿಲ್ಲ.

ಈ ಲೇಖನದ ಕರಡನ್ನು ತೆಗೆದುಕೊಂಡು ಕಳೆದ ತಿಂಗಳು ನಾನು ಅವನ ಅಂಗಡಿಗೆ ಹೋಗಿದ್ದೆ. ಕೈ ಒರೆಸಿಕೊಂಡು, ಸಾರ್ ಕೂತ್ಕೊಳ್ಳಿ ಎಂದು ಕುರ್ಚಿಯನ್ನು ಕೊಟ್ಟು, ತಾನು ನಿಂತುಕೊಂಡೇ ಓದಿದ. ಗಡಿಯಾರದ ಪ್ರಸ್ತಾಪ ಬಂದಲ್ಲಿ ಏನನ್ನೂ ಹೇಳಲಿಲ್ಲ. ಕಡಲೆಕಾಯಿಯ ಯಂತ್ರದ ಭಾಗಕ್ಕೆ ಬಂದಾಗ ಮಾತ್ರ ತಡೆದ. ಹಲ್ಲಿನ ಚಕ್ರವೊಂದು ತಿರುಗಿ ಕಾಯಿಯನ್ನು ಅರೆಯುತ್ತದೆಯೆಂದು ನಾನು ಬರೆದಿದ್ದೆ. ಕೈಯಂತ್ರದಲ್ಲಿ ಯಾವುದೂ ಸುತ್ತು ತಿರುಗುವುದಿಲ್ಲ, ಹಿಡಿಕೆ ತೊಟ್ಟಿಲಿನಂತೆ ತೂಗುತ್ತದೆ, ಅರೆದರೆ ಬೀಜ ಒಡೆದು ಬಿತ್ತನೆಗೆ ಬಾರದು, ಉಜ್ಜಬೇಕು ಎಂದು ಹೇಳಿ, ಮೂಲೆಯಲ್ಲಿದ್ದ ಹಳೆಯ ಯಂತ್ರವೊಂದರ ಮೇಲಿನ ಗೋಣಿಯನ್ನು ತೆಗೆದು ನಡೆಸಿ ತೋರಿಸಿದ. ಓದುಗರು ಮೇಲೆ ಓದಿದ್ದು ಅವನು ತಿದ್ದಿದ ಪಾಠ.